ಭಾರ ಇಳಿಸಿದರೂ ಏರದ ಅಂಕಿ

ಪರದೆಯ ಎಡಮೂಲೆಯಲ್ಲಿ ಹಸಿರು ಬಣ್ಣದ ಒಂದು ಅಂಕಿ ನಿಂತಿತ್ತು. ತೊಂಬತ್ನಾಲ್ಕು.

ಶೈಲಾ ಕೈನಾತಳ ಕೈಯಿಂದ ಮೌಸ್ ತೆಗೆದುಕೊಂಡು ಆಟದ ಸೆಟ್ಟಿಂಗ್ ತೆರೆದಳು. ನೆರಳು, ಹೊಗೆ, ಹುಲ್ಲು, ನೀರಿನ ಮೇಲಿನ ಹೊಳಪು, ಒಂದೊಂದನ್ನೇ ಕೆಳಗಿಳಿಸುತ್ತ ಹೋದಳು. ಆಟದೊಳಗಿನ ಊರು ಬಣ್ಣ ಮಾಸಿದ ಹಳೇ ಕ್ಯಾಲೆಂಡರಿನ ಹಾಗೆ ಸಪ್ಪಗಾಯಿತು. ಗೋಡೆಗಳು ಸುಣ್ಣ ಬಳಿದು ಬಿಟ್ಟಂತೆ ಬೋಳಾದವು. ಇನ್ನು ಇಳಿಸುವುದಕ್ಕೆ ಏನೂ ಉಳಿಯಲಿಲ್ಲ. ಆಮೇಲೆ ಮೂಲೆಯತ್ತ ನೋಡಿದಳು.

ತೊಂಬತ್ತೇಳು.

"ದೀದಿ, ಬೆಳಗ್ಗಿಂದ ಇದೇ. ಮೇಲೆ ಹೋಗ್ತಾನೇ ಇಲ್ಲ," ಎಂದಳು ಕೈನಾತ.

ಶೈಲಾ ಸೆಟ್ಟಿಂಗಿನ ಪಟ್ಟಿಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದಳು. ಎಲ್ಲವೂ ತಳದಲ್ಲೇ ಇದ್ದವು.

ಆ ಅಂಕಿ, ಕಂಪ್ಯೂಟರು ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬರೆದು ತೋರಿಸುತ್ತದೆ ಎಂದು ಹೇಳುವ ಅಂಕಿ. ಫ್ರೇಮ್ ಎನ್ನುತ್ತಾರೆ. ಸಿನಿಮಾಕ್ಕೆ ಇಪ್ಪತ್ನಾಲ್ಕು ಸಾಕು. ಕೈನಾತ ಆಡುವ ಗುಂಡಿನ ಆಟಕ್ಕೆ ಏನೇನೂ ಸಾಲದು. ಅಲ್ಲಿ ಗೋಡೆಯ ಮರೆಯಿಂದ ಎದುರಾಳಿಯ ಭುಜ ಹೊರಗೆ ಬರುವುದನ್ನು ಯಾರ ಪರದೆ ಮೊದಲು ತೋರಿಸುತ್ತದೋ ಅವರು ಉಳಿಯುತ್ತಾರೆ. ಅದಕ್ಕೇ ಗಟ್ಟಿ ಆಟಗಾರರು ಚಂದದ ಆಸೆ ಬಿಟ್ಟು ಎಲ್ಲ ಸೆಟ್ಟಿಂಗನ್ನೂ ತಳಕ್ಕೆ ಇಳಿಸಿ ಆಡುತ್ತಾರೆ. ಚಿತ್ರ ಸಾದಾ ಆದಷ್ಟೂ ಅಂಕಿ ಏರಬೇಕು. ಅದು ರೂಢಿ.

ಕೈನಾತಳಿಗೆ ಹತ್ತೊಂಬತ್ತು. ಘಾಟ್ಕೋಪರ್ ಗುಡ್ಡದ ಮೇಲಿನ ಈ ತಗಡಿನ ಮನೆಯಿಂದ ಇಳಿದು, ಸ್ಟೇಷನ್ ಹತ್ತಿರದ ಗೇಮಿಂಗ್ ಪಾರ್ಲರಿನಲ್ಲಿ ತಾಸಿನ ಲೆಕ್ಕದಲ್ಲಿ ಮೂರು ವರ್ಷ ಆಡಿ ಕೈ ಪಳಗಿಸಿಕೊಂಡವಳು. ಸಂಬಳ ಕೊಟ್ಟು ಆಡಿಸುವ ಹೆಣ್ಣುಮಕ್ಕಳ ತಂಡವೊಂದು ಅವಳನ್ನು ಟ್ರಯಲ್‌ಗೆ ಕರೆದಿತ್ತು. ಟ್ರಯಲ್ ನಾಳೆ, ಭಾನುವಾರ ನಾಲ್ಕು ಗಂಟೆಗೆ, ಮನೆಯಿಂದಲೇ. ಒಂದೇ ಷರತ್ತು: ಮೂರೂವರೆಯೊಳಗೆ ತನ್ನ ಮಷೀನಿನಲ್ಲಿ ಹತ್ತು ನಿಮಿಷ ಆಡಿ ಅದರ ರೆಕಾರ್ಡಿಂಗ್ ಕಳಿಸಬೇಕು, ಅದರಲ್ಲಿ ಆ ಅಂಕಿ ಒಮ್ಮೆಯೂ ಇನ್ನೂರಕ್ಕಿಂತ ಕೆಳಗೆ ಇಳಿದಿರಬಾರದು. ಇಳಿದರೆ ಹೆಸರು ಹೊಡೆದು ಪಟ್ಟಿಯಲ್ಲಿ ಮುಂದಿನ ಹುಡುಗಿಯನ್ನು ಕೂರಿಸುತ್ತಾರೆ.

ಈ ಮಷೀನನ್ನು ಕಟ್ಟಿದವಳು ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಶೈಲಾ. ಕೈನಾತಳ ತಾಯಿ ಹಲೀಮಾ ಬ್ಲೌಸ್ ಹೊಲಿದು ಕಟ್ಟಿದ ಭಿಸಿ ಚೀಟಿಯ ದುಡ್ಡು ಎತ್ತಿ ತಂದಾಗ, ಯಾವ ಪ್ರೊಸೆಸರ್, ಯಾವ ಗ್ರಾಫಿಕ್ಸ್ ಕಾರ್ಡ್ ಎಂದು ಬೆರಳಿಟ್ಟು ತೋರಿಸಿದವಳೂ ಅವಳೇ. "ಹೆಣ್ಣುಮಗಳು ಕೂಡಿಸ್ತಾಳಂದ್ರ ನಮಗ ಛಲೋ ಆಯ್ತು, ಮೋಸ ಇರಂಗಿಲ್ಲ," ಎಂದಿದ್ದಳು ಹಲೀಮಾ.

ಶೈಲಾ ಇನ್ನೊಂದು ಕಿಟಕಿ ತೆರೆದು ಒಳಗೆ ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ನೋಡಿದಳು. ಪ್ರೊಸೆಸರ್ ನೂರಕ್ಕೆ ನೂರು. ಗ್ರಾಫಿಕ್ಸ್ ಕಾರ್ಡ್ ನೂರಕ್ಕೆ ಮೂವತ್ತೆಂಟು. ಕೈಯಲ್ಲಿ ಹಿಡಿದರೆ ಇಟ್ಟಿಗೆಯಷ್ಟು ತೂಗುವ, ಇಡೀ ಮಷೀನಿನಲ್ಲಿ ಎಲ್ಲಕ್ಕಿಂತ ದುಬಾರಿಯಾದ ಕಾರ್ಡು ಅರ್ಧಕ್ಕರ್ಧ ನಿದ್ದೆಯಲ್ಲಿತ್ತು.

ಹಲೀಮಾ ಚಹಾ ಹಿಡಿದು ಬಂದಳು. "ಏನಾಯ್ತವ್ವಾ ಶೈಲಾ? ಯಾಕ ಮಾರಿ ಹಿಂಗಾಗ್ಯಾದ?"

"ಅಂಕಿ ಏರವಲ್ದು, ಖಾಲಾ."

"ಏರ್ತದ ತಗೋ. ನೀನೇ ಅಂದಿದ್ದೆಲ್ಲ, ಭಾರ ಇಳಿಸಿದ್ರ ಮುನ್ನೂರು ಬರ್ತದಂತ."

ಅಂದಿದ್ದಳು, ಹೌದು. ಗುರುವಾರ ಅಂಗಡಿಯಲ್ಲಿ ಎಲ್ಲರೆದುರು ಅಂದಿದ್ದಳು. ಮಷೀನಿನ ಪೆಟ್ಟಿಗೆಯ ಒಳಮೈಗೆ ಅಂಟಿಸಿದ ಹಾಳೆಯಲ್ಲಿ ಬರೆದೂ ಇದ್ದಳು. 'ಮೂರು ತಾಸು ಪೂರ್ತಿ ಭಾರದಲ್ಲಿ ಪರೀಕ್ಷೆ. ಪಾಸ್. ಶೈಲಾ ಮರೆಪ್ಪ.' ಗಾಜಿನ ಬಾಗಿಲಿನ ಆಚೆಯಿಂದ ಅವಳದೇ ಸಹಿ ಅವಳನ್ನು ನೋಡುತ್ತಿತ್ತು.

"ಗೊತ್ತಾಗವಲ್ದು ಖಾಲಾ. ತಪ್ಪು ನಂದೇ ಇರಬೇಕು. ನಾ ಮನೀಗೆ ಹೋಗಿ ಬರ್ತೀನಿ."

ಚಹಾ ಅಲ್ಲೇ ಆರಿತು. ಹಿಂದಿನಿಂದ ಕೈನಾತಳ ದನಿ ಬಂತು, ಸಣ್ಣಗೆ, ಹಿಂದಿಯಲ್ಲಿ: "ಟ್ರಯಲ್ ಕಲ್ ಹೈ, ದೀದಿ."

*

ಶೈಲಾಳ ಮನೆ ಅದೇ ಗುಡ್ಡದಲ್ಲಿ ಎರಡು ಓಣಿ ಕೆಳಗೆ. ಇಳಿಯುವಾಗ ಮೆಟ್ಟಿಲಿನ ಮೇಲೆ ಕಾಲುಗಳು ತಾವಾಗೇ ಬೀಳುತ್ತಿದ್ದವು.

ಅವಳು ಹಗಲು ಕೊರಿಯರ್ ಆಫೀಸಿನಲ್ಲಿ ವಿಳಾಸದ ಚೀಟಿ ಅಂಟಿಸುತ್ತ, ಸಂಜೆ ವಿಲೆ ಪಾರ್ಲೆಯ ಕ್ಲಾಸಿನಲ್ಲಿ ಹಾರ್ಡ್‌ವೇರ್ ಕಲಿತವಳು. ಕ್ಲಾಸಿಗೆ ಬರುವ ಹೊತ್ತಿಗೆ ಸರ್ ಕೂಡ ದಣಿದಿರುತ್ತಿದ್ದರು. ಹಗಲಿನ ಹುಡುಗರಿಗೆ ಹೇಳಿಕೊಟ್ಟ ಏನೋ ಒಂದನ್ನು ಸಂಜೆಯವರಿಗೆ ಹೇಳದೆ ಬಿಟ್ಟಿದ್ದಾರೆ ಎಂಬ ಅನುಮಾನ ಅವಳನ್ನು ಇವತ್ತಿಗೂ ಬಿಟ್ಟಿಲ್ಲ. ಆ ಅನುಮಾನಕ್ಕೇ ಅವಳು ಒಂದು ಸ್ಕ್ರೂವನ್ನು ಮೂರು ಸಲ ಮುಟ್ಟಿ ನೋಡುವುದು. ಬೇರೆಯವರು ಅರ್ಧ ತಾಸು ಪರೀಕ್ಷೆ ಮಾಡಿದರೆ ಅವಳು ಮೂರು ತಾಸು ಮಾಡುವುದು. ಕೈನಾತಳ ಮಷೀನನ್ನು ಅಂಗಡಿಯ ದೊಡ್ಡ ಟೀವಿಗೆ ಜೋಡಿಸಿ, ಎಲ್ಲ ಸೆಟ್ಟಿಂಗನ್ನೂ ತುದಿಗೇರಿಸಿ, ಮೂರು ತಾಸು ಎದುರಿಗೇ ಕೂತಿದ್ದಳು. ತೊಂಬತ್ತೆರಡು ಬಂದಿತ್ತು. ಒಂದು ಸಲವೂ ಕದಲಿರಲಿಲ್ಲ.

ಭಾರ ಹಾಕಿ ಪರೀಕ್ಷಿಸುವ ಪಾಠ ಅವಳಿಗೆ ಕ್ಲಾಸಿನಲ್ಲಿ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ಮರೆಪ್ಪ ಕಟ್ಟಡಗಳಿಗೆ ಪರಾಂಚಿ, ಆಳುಗಳು ನಿಲ್ಲುವ ಅಟ್ಟಣಿಗೆ, ಕಟ್ಟುವವನು. ಬಿದಿರು ಕಟ್ಟಿ ಹಲಗೆ ಹಾಸಿದ ಮೇಲೆ, ಯಾರನ್ನೂ ಹತ್ತಿಸುವ ಮೊದಲು ಅದರ ಮೇಲೆ ನಾಲ್ಕು ಚೀಲ ಸಿಮೆಂಟ್ ಇಟ್ಟು ನೋಡುತ್ತಾನೆ. ನಾಲ್ಕು ಚೀಲ ಹೊತ್ತದ್ದು ಇಬ್ಬರು ಮನುಷ್ಯರನ್ನು ಹೊರದೇ ಇರುತ್ತದೆಯೇ? ಆ ಮನೆಯಲ್ಲಿ ಅದು ಉಪ್ಪು, ನೀರಿನಷ್ಟು ಸಹಜವಾದ ಮಾತು.

ಅವ್ವ ಭಾಗವ್ವ ರೊಟ್ಟಿ ಬಡಿಯುತ್ತಿದ್ದಳು. ಸೈಟಿನಲ್ಲಿ ಕಾಂಕ್ರೀಟ್ ಗಾಡಿ ಬಾರದ್ದರಿಂದ ಅಪ್ಪನೂ ಮನೆಯಲ್ಲಿದ್ದ. ಮಗಳು ಬಂದವಳೇ ಹೊಸ್ತಿಲ ಮೇಲೆ ಕೂತದ್ದು ಕಂಡು ಭಾಗವ್ವಳ ಕೈ ನಿಂತಿತು.

"ಯಾರರ ಏನರ ಅಂದ್ರೇನು?"

"ಯಾರೂ ಏನೂ ಅಂದಿಲ್ಲ. ಅದಕ್ಕೇ ಅಂಜಿಕಿ ಬಂದದ," ಎಂದು ಶೈಲಾ ನಡೆದದ್ದೆಲ್ಲ ಹೇಳಿದಳು.

ಮರೆಪ್ಪನಿಗೆ ಅದು ತನ್ನ ಮೇಲೆ ಬಂದ ಆರೋಪದಂತೆ ಕೇಳಿಸಿತು. "ಪೂರಾ ಭಾರ ಹಾಕಿ ನೋಡಿದ್ದೆಲ್ಲ? ಹೊತ್ತಿತ್ತೆಲ್ಲ? ಮತ್ತ ಭಾರ ಇಳಿಸಿದ್ರ ಹಗುರ ಆಗಬೇಕು. ಅದ್ಹ್ಯಾಂಗ ಆಗಲ್ಲ? ಇಪ್ಪತ್ತೆರಡು ವರ್ಷದಾಗ ನನ್ನ ಒಂದು ಪರಾಂಚಿ ಬಿದ್ದಿಲ್ಲ!"

"ನಿನ್ನ ಪರಾಂಚಿ ನಿಂದ್ರೂದು. ಇದು ಓಡೂದು," ಎಂದಳು ಭಾಗವ್ವ, ರೊಟ್ಟಿ ತಿರುವುತ್ತ. "ಸುಮ್ಕ ಕೂಡು ನೀ. ಶೈಲಾ, ಆ ಕಾರ್ಡ್ ಅಂತೀಯಲ್ಲ, ಅದು ಏನ್ ಮಾಡ್ತದ?"

"ಚಿತ್ರ ಬರೀತದ."

"ಇನ್ನೊಂದು?"

"ಪ್ರೊಸೆಸರ್ರು. ಯಾರು ಎಲ್ಲಿ ನಿಂತಾರ, ಗುಂಡು ಎಲ್ಲಿ ಬಡೀತು, ಬಾಗಿಲಾ ತೆರೀತೋ ಇಲ್ಲೋ, ಎಲ್ಲಾ ಅದು ಲೆಕ್ಕಾ ಹಾಕಿ ಕಾರ್ಡಿಗೆ ಕೊಡ್ತದ. ಕೊಟ್ಟ ಮ್ಯಾಲ ಕಾರ್ಡ್ ಬರೀತದ."

"ಅಂದ್ರ ಕಾರ್ಡು ಗೌಂಡಿ. ಇದು ಮಾಲು ಹೊತ್ತು ಕೊಡಾಕಿ."

ಭಾಗವ್ವ ಹದಿನಾರು ವರ್ಷ ಕಟ್ಟಡದ ಮೇಲೆ ಘಮೇಲಾ ಎಂಬ ಕಬ್ಬಿಣದ ಬುಟ್ಟಿಯಲ್ಲಿ ಕಲಸಿದ ಸಿಮೆಂಟ್ ಹೊತ್ತು ಗೋಡೆ ಕಟ್ಟುವ ಗೌಂಡಿಗಳಿಗೆ ಕೊಟ್ಟವಳು. ಮೊಣಕಾಲು ಸೋತ ಮೇಲೆ ಬಿಟ್ಟಳು.

"ಪವಾಯಿ ಸೈಟಿನಾಗ ಒಬ್ಬ ಗೌಂಡಿ ಇದ್ದ. ಕೈ ಅಂದ್ರ ಕೈ ಅವಂದು. ನಕ್ಷಿ ಕೆಲಸ ಇದ್ದ ದಿನ, ಹೂವು ಬಳ್ಳಿ ತಿದ್ದೋ ದಿನ, ಒಂದು ಘಮೇಲಾ ಕೊಟ್ರ ಅರ್ಧಾ ತಾಸು ಅದರಾಗೇ ಇರ್ತಿದ್ದ. ನಾ ಆರಾಮಾಗಿ ಎಲಿ ಅಡಿಕಿ ಹಾಕ್ಕೊಂಡು ಮುಂದಿನ ಘಮೇಲಾ ತರ್ತಿದ್ದೆ. ಸಾದಾ ಗ್ವಾಡಿ ಕಟ್ಟೋ ದಿನ ನೋಡು! ಹಾಕಿದ್ದೇ ಬಳೀತಿದ್ದ, ಬಳದಿದ್ದೇ ಬೀಡಿ ಹಚ್ಕೊಂಡು ಕೂಡ್ತಿದ್ದ. 'ಏ ಭಾಗವ್ವಾ, ಮಾಲ್ ಲಾ, ಮಾಲ್ ಲಾ.' ನನ್ನ ಕಾಲು ಎಷ್ಟು ಓಡ್ತಾವೋ ಅಷ್ಟೇ ಗ್ವಾಡಿ ಏಳ್ತಿತ್ತು. ಬೈಗಳಾ ಮಾತ್ರ ನನಗ."

ಶೈಲಾ ಅವ್ವನ ಮುಖವನ್ನೇ ನೋಡುತ್ತ ಕೂತಳು. ತವೆಯ ಮೇಲೆ ರೊಟ್ಟಿ ಸೀದ ವಾಸನೆ ಬಂದರೂ ಮೂವರಲ್ಲಿ ಯಾರೂ ಅದನ್ನು ತೆಗೆಯಲಿಲ್ಲ.

ನಕ್ಷಿ ಕೆಲಸ. ಅಂಗಡಿಯಲ್ಲಿ, ದೊಡ್ಡ ಟೀವಿಯಲ್ಲಿ, ಎಲ್ಲ ಸೆಟ್ಟಿಂಗ್ ಏರಿಸಿ ತಾನು ಮಾಡಿಸಿದ್ದು ನಕ್ಷಿ ಕೆಲಸ. ಕಾರ್ಡು ಅದರಲ್ಲೇ ಮುಳುಗಿ ಸೆಕೆಂಡಿಗೆ ತೊಂಬತ್ತೆರಡು ಚಿತ್ರ ಬರೆಯುತ್ತಿತ್ತು. ತೊಂಬತ್ತೆರಡಕ್ಕೆ ಬೇಕಾದಷ್ಟು ಮಾಲನ್ನು ಆ ಸಣ್ಣ ಪ್ರೊಸೆಸರ್ ಹೇಗೋ ಓಡಾಡಿ ಕೊಟ್ಟಿತ್ತು. ಈಗ ಸಾದಾ ಗೋಡೆ. ಕಾರ್ಡು ಮುನ್ನೂರು ಬರೆಯಬಲ್ಲದು, ಆದರೆ ಹೊತ್ತು ಕೊಡುವ ಕಾಲುಗಳು ತೊಂಬತ್ತೇಳಕ್ಕೇ ಮುಗಿದಿದ್ದವು. ಪೂರ್ತಿ ಭಾರ ಹಾಕಿ ಮೂರು ತಾಸು ತಾನು ಪರೀಕ್ಷಿಸಿದ್ದು ಗೌಂಡಿಯನ್ನು. ಹೊತ್ತು ಕೊಡುವವಳನ್ನು ಪರೀಕ್ಷಿಸಿರಲೇ ಇಲ್ಲ. ಹೊತ್ತು ಕೊಡುವವಳ ಮಗಳೇ ಆಗಿ.

"ಅವ್ವಾ," ಎಂದಳು, "ನಾ ಅವರಿಗೆ ತಪ್ಪು ಜೋಡಿ ಕಟ್ಟಿಕೊಟ್ಟೀನಿ."

*

ಅಂಗಡಿ ರೈಲು ಹಳಿಯ ಆಚೆ, ಘಾಟ್ಕೋಪರ್ ಪೂರ್ವದಲ್ಲಿ. ಮಾಲೀಕ ಅಮಿತಭಾಯಿ ಗುಜರಾತಿ. ಕೆಟ್ಟ ಮನುಷ್ಯನಲ್ಲ, ಆದರೆ ಒಂದು ಮಾತು ನಾಲಿಗೆಗೆ ಹತ್ತಿತೆಂದರೆ ಅದನ್ನು ಬಿಡುವವನಲ್ಲ. ಗಿರಾಕಿ ಬಂದಾಗಲೆಲ್ಲ ಅವನು ಹೇಳುವ ಮಾತು, "ಗೇಮಿಂಗ್ ಅಂದರೆ ಕಾರ್ಡು. ಕಾರ್ಡೇ ಮದುಮಗ, ಬಾಕಿ ಎಲ್ಲ ದಿಬ್ಬಣದವರು." ಶೈಲಾಳಿಗೆ ಆ ಮಾತಿನ ಬಗ್ಗೆ ಮೊದಲಿನಿಂದ ಒಂದು ಅಳುಕಿತ್ತು. ಆದರೆ ಸಂಜೆ ಕ್ಲಾಸಿನವಳು, ಇಪ್ಪತ್ತು ವರ್ಷದಿಂದ ಅಂಗಡಿ ನಡೆಸುವವನಿಗೆ ಏನು ಹೇಳುವುದು ಎಂದು ಸುಮ್ಮನಿದ್ದಳು. ಹಲೀಮಾಳಿಗೆ ಅದೇ ಮಾತನ್ನು ತನ್ನ ಬಾಯಿಂದಲೇ ಹೇಳಿದ್ದಳು.

ಕೈನಾತ ಮತ್ತು ಅವಳು ಮಷೀನನ್ನು ಚಾದರದಲ್ಲಿ ಸುತ್ತಿ ರಿಕ್ಷಾದಲ್ಲಿ ತಂದಿಟ್ಟಾಗ ಮಧ್ಯಾಹ್ನ ಮೂರಾಗಿತ್ತು. ಅಮಿತಭಾಯಿ ಗಾಬರಿಯಾದ.

"ಶೈಲಾಬೆನ್! ನಿನ್ನೆ ಹೋದ ಮಗಳು ಇವತ್ತೇ ತವರಿಗೆ?"

ಶೈಲಾ ಎಲ್ಲವನ್ನೂ ಹೇಳಿದಳು. ನಡುವೆ ಎಲ್ಲೂ 'ಆದರೆ' ಎನ್ನಲಿಲ್ಲ.

"ಅರೆ, ರಿಪೋರ್ಟ್ ಇದೆಯಲ್ಲ. ಮೂರು ತಾಸು, ಪಾಸ್, ನಿನ್ನದೇ ಸಹಿ."

"ಆ ಸಹಿ ಸುಳ್ಳು, ಅಮಿತಭಾಯಿ. ಗೊತ್ತಿಲ್ಲದೆ ಹಾಕಿದ್ದು, ಆದರೂ ಸುಳ್ಳು."

ತನ್ನ ಕೆಲಸದಲ್ಲಿ ತಾನೇ ತಪ್ಪು ಹುಡುಕಿ ತಂದು ಕೌಂಟರಿನ ಮೇಲಿಡುವ ಮನುಷ್ಯರನ್ನು ಅವನು ಈ ದಂಧೆಯಲ್ಲಿ ಕಂಡಿರಲಿಲ್ಲ.

"ಹೋಗಲಿ, ದೊಡ್ಡ ಪ್ರೊಸೆಸರ್ ಹಾಕು. ಎಲ್ಲಿದೆ? ಸ್ಟಾಕ್ ಬರುವುದು ಬುಧವಾರ."

"ಒಂದಿದೆ," ಎಂದಳು ಶೈಲಾ. ಕಣ್ಣು ಕೌಂಟರಿನ ಮೇಲಿನ ಕಂಪ್ಯೂಟರಿನತ್ತ ಹೋಯಿತು.

ಪ್ರತಿ ದೀಪಾವಳಿಗೆ ಅಮಿತಭಾಯಿಯ ಮನೆತನದಲ್ಲಿ ಲೆಕ್ಕದ ಪುಸ್ತಕಗಳಿಗೆ ಪೂಜೆ. ಪುಸ್ತಕ ಹೋಗಿ ಕಂಪ್ಯೂಟರ್ ಬಂದ ಮೇಲೆ ಪೂಜೆ ಕಂಪ್ಯೂಟರಿಗೆ. ಲಕ್ಷ್ಮಿ ಕೂರುವ ಜಾಗ ಸಣ್ಣದಿರಬಾರದು ಎಂದು ಅವನು ಆ ವರ್ಷ ಅಂಗಡಿಯಲ್ಲಿರುವ ಎಲ್ಲಕ್ಕಿಂತ ದೊಡ್ಡ ಪ್ರೊಸೆಸರನ್ನು ಅದಕ್ಕೆ ಹಾಕಿಸುತ್ತಿದ್ದ. ಅದರ ಮೇಲೆ ಕೂರುವ ದಪ್ಪ ಫ್ಯಾನಿನ ಮುಚ್ಚಳಕ್ಕೆ ಅವನ ತಾಯಿ ಕುಂಕುಮದಲ್ಲಿ ಸ್ವಸ್ತಿಕ ಬರೆಯುತ್ತಿದ್ದರು. ಮುಂದಿನ ದೀಪಾವಳಿಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಎರಡೂ ಮಷೀನಿನಲ್ಲಿ ಪ್ರೊಸೆಸರ್ ಕೂರುವ ಬೋರ್ಡ್ ಒಂದೇ ಜಾತಿಯದು, ಒಂದೇ ದಿನ ಬಂದದ್ದು. ಅದು ಶೈಲಾಳಿಗೆ ಗೊತ್ತಿತ್ತು.

"ಪಾಗಲ್ ಆಗಿದ್ದೀಯಾ? ಪೂಜೆ ಆದದ್ದು ಅದು!"

ಶೈಲಾ ವಾದ ಮಾಡಲಿಲ್ಲ. ಅವನ ಕಂಪ್ಯೂಟರಿನಲ್ಲೇ, ಬಿಲ್ಲಿನ ಪಕ್ಕದಲ್ಲಿ, ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ತೋರಿಸುವ ಕಿಟಕಿ ತೆರೆದು ಹಿಂದೆ ಸರಿದಳು. ಅಮಿತಭಾಯಿ ಕನ್ನಡಕ ಏರಿಸಿ ಬಗ್ಗಿದ.

"ಮೂರು?"

"ನೂರಕ್ಕೆ ಮೂರು."

"ಇದು ನಮ್ಮ ಅಂಗಡಿಯ ಎಲ್ಲಕ್ಕಿಂತ ದೊಡ್ಡ ಪ್ರೊಸೆಸರು!"

"ಹೌದು. ಬಿಲ್ ಮಾಡುತ್ತದೆ."

ಅವನು ಒಂದು ಬಿಲ್ ತೆಗೆದ. ನಾಲ್ಕಾಯಿತು, ಮತ್ತೆ ಎರಡಕ್ಕಿಳಿಯಿತು. ಇನ್ನೊಂದು ತೆಗೆದ. ಎರಡು. ಅವನು ಸ್ಟೂಲಿನ ಮೇಲೆ ಕೂತೇಬಿಟ್ಟ. ತಿಜೋರಿ ತೆರೆದಾಗ ಒಳಗೆ ಕಲ್ಲು ಕಂಡವನ ಮುಖವಾಗಿತ್ತು ಅದು.

"ದೀಪಾವಳಿಯಿಂದ ಇದು ಇಲ್ಲಿ ಏನು ಮಾಡುತ್ತಿತ್ತು?"

"ಕೂತಿತ್ತು, ಅಮಿತಭಾಯಿ."

ಕೈನಾತ ಬಾಗಿಲ ಬಳಿ ನಿಂತು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅಮಿತಭಾಯಿ ಅವಳನ್ನೊಮ್ಮೆ, ಸ್ವಸ್ತಿಕವನ್ನೊಮ್ಮೆ ನೋಡಿದ. ಕೊನೆಗೆ ನಡುದಾರಿಯೊಂದನ್ನು ಹುಡುಕಿದ. ಕುಂಕುಮ ಇರುವುದು ಫ್ಯಾನಿನ ಮೇಲೆ, ಪ್ರೊಸೆಸರಿನ ಮೇಲಲ್ಲ. ಪ್ರೊಸೆಸರ್ ಹೋಗಲಿ, ಫ್ಯಾನ್ ಇಲ್ಲೇ ಇರಲಿ.

ಶೈಲಾ ಎರಡೂ ಪ್ರೊಸೆಸರುಗಳ ಬೆನ್ನಿನ, ಬಿಸಿ ದಾಟಿಸುವ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಅದಲು ಬದಲು ಮಾಡಿದಳು. ದೊಡ್ಡದರ ಮೇಲೆ ಸಣ್ಣದರ ಪುಟ್ಟ ಫ್ಯಾನನ್ನೇ ಕೂರಿಸಿದಳು. ಎಲ್ಲ ಸೆಟ್ಟಿಂಗ್ ತಳಕ್ಕಿಳಿಸಿ ಆಟ ಶುರುಮಾಡಿದಾಗ ಹಸಿರು ಅಂಕಿ ನೋಡಲು ಮೂವರೂ ಬಗ್ಗಿದರು. ಇನ್ನೂರ ನಲವತ್ಮೂರು.

ಅರ್ಧ ತಾಸು ನೋಡಿದಳು. ಕದಲಲಿಲ್ಲ. ಅಂಗಡಿಯ ಎಸಿ ತಣ್ಣಗೆ ಬೀಸುತ್ತಿತ್ತು.

*

ಭಾನುವಾರ ಮಧ್ಯಾಹ್ನ ಒಂದೂವರೆ. ಮೇ ತಿಂಗಳು. ಗುಡ್ಡದ ಮೇಲಿನ ತಗಡು ಕಾದು ಟಕ್ ಟಕ್ ಸದ್ದು ಮಾಡುತ್ತಿತ್ತು.

ಕೈನಾತ ಕೂದಲನ್ನು ಬಿಗಿದು ಕಟ್ಟಿ ರೆಕಾರ್ಡಿಂಗ್ ಒತ್ತಿದಳು. ಇನ್ನೂರ ನಲವತ್ತು. ಹಲೀಮಾ ಬಾಗಿಲಿನ ಹೊರಗೆ ನಿಂತು ಓಣಿಯ ಮಕ್ಕಳನ್ನು ಸುಮ್ಮನಿರಿಸುತ್ತಿದ್ದಳು. ಮೂರನೇ ನಿಮಿಷ, ಇನ್ನೂರ ಮೂವತ್ತೆಂಟು. ಆರನೇ ನಿಮಿಷ, ಇನ್ನೂರ ಹದಿನೇಳು. ಎಂಟನೇ ನಿಮಿಷದಲ್ಲಿ ಅಂಕಿ ಜಾರಿ ಬಿದ್ದಿತು. ನೂರ ಎಪ್ಪತ್ತೊಂದು.

ಕೈನಾತ ಆಡುವುದನ್ನು ನಿಲ್ಲಿಸಿದಳು. ಕೈ ಮೌಸಿನ ಮೇಲೇ ಇತ್ತು. ತಿರುಗಿ ನೋಡಲಿಲ್ಲ.

ಶೈಲಾ ಪೆಟ್ಟಿಗೆಯ ಗಾಜನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಪರದೆಯಲ್ಲಿ ಪ್ರೊಸೆಸರಿನ ಬಿಸಿ ತೊಂಬತ್ತೆಂಟು ಡಿಗ್ರಿ. ಅಷ್ಟಾದರೆ ಅದು ಸುಟ್ಟುಹೋಗದಂತೆ ತಾನೇ ನಿಧಾನವಾಗುತ್ತದೆ. ಆ ಪುಟ್ಟ ಫ್ಯಾನು ಎಸಿ ಅಂಗಡಿಯಲ್ಲಿ ಸಾಕಾಗಿತ್ತು. ಇಲ್ಲಿ ತಗಡಿನ ಕೆಳಗಿನ ಬಿಸಿಗಾಳಿಯನ್ನೇ ತಿರುತಿರುಗಿ ಊದುತ್ತಿತ್ತು.

ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ತಾನು ಹುಟ್ಟಿ ಬೆಳೆದದ್ದು ತಗಡಿನ ಕೆಳಗೆ. ಮೇ ತಿಂಗಳಲ್ಲಿ ಕೊಡದ ನೀರು ಕೂಡ ಬೆಚ್ಚಗಾಗುವ ಮನೆಯಲ್ಲಿ ಇಪ್ಪತ್ತೇಳು ವರ್ಷ ಮಲಗಿ ಎದ್ದವಳು. ಅಂಥವಳು ಎಸಿಯಲ್ಲಿ ಕೂತು ಪರೀಕ್ಷೆ ಮಾಡಿ ಮತ್ತೊಮ್ಮೆ ಪಾಸ್ ಎಂದಿದ್ದಳು. ಒಂದೇ ತಪ್ಪು, ಮೂರು ದಿನದಲ್ಲಿ ಎರಡು ಸಲ. ಓಡಬೇಕಾದ ಜಾಗದಲ್ಲಿ ಓಡಿಸಿ ನೋಡಿರಲಿಲ್ಲ.

"ದೀದಿ, ಬೋಲೋ ಕುಛ್," ಎಂದಳು ಕೈನಾತ.

ಶೈಲಾ ಫೋನ್ ತೆಗೆದಳು. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಅಮಿತಭಾಯಿ ಊಟಕ್ಕೆ ಕೂತಿದ್ದ, ತಟ್ಟೆಯ ಸದ್ದು ಕೇಳಿಸುತ್ತಿತ್ತು.

"ಅಮಿತಭಾಯಿ, ಫ್ಯಾನ್ ಬೇಕು. ಆ ದೊಡ್ಡದು. ಕೇಳಬಾರದು ಅಂತ ಗೊತ್ತು, ಆದರೂ ಕೇಳುತ್ತಿದ್ದೇನೆ."

ಆ ಕಡೆ ತಟ್ಟೆಯ ಸದ್ದು ನಿಂತಿತು. ಆಮೇಲೆ ಲೈನ್ ಕಟ್ಟಾಯಿತು.

ಶೈಲಾ ಫೋನನ್ನೇ ನೋಡುತ್ತ ನಿಂತಳು. ಇನ್ನೊಮ್ಮೆ ಮಾಡುವ ಧೈರ್ಯ ಬರಲಿಲ್ಲ. ಬದಲಿಗೆ ಅಪ್ಪನಿಗೆ ಮಾಡಿದಳು. ಹತ್ತು ನಿಮಿಷದಲ್ಲಿ ಮರೆಪ್ಪ ಹೆಗಲ ಮೇಲೆ ಗೋಣಿಚೀಲ ಹೊತ್ತು ಬಂದ, ಹಿಂದೆ ಭಾಗವ್ವ ಮೊಣಕಾಲು ಹಿಡಿದುಕೊಂಡು, ಕೈಯಲ್ಲಿ ಬಕೆಟ್. ಹೊಸ ಸ್ಲ್ಯಾಬನ್ನು ಬಿರಿಯದಂತೆ ಒದ್ದೆ ಗೋಣಿ ಹೊದಿಸಿ ಕಾಯುವುದು ಅವರ ಕೈಗೆ ಬಂದ ಕೆಲಸ. ಮರೆಪ್ಪ ಗಟಾರದ ಕಟ್ಟೆಯಿಂದ ಮಾಡಿಗೆ ಹತ್ತಿದ.

"ಕಾಲು ಮೊಳೀ ಸಾಲಿನ ಮ್ಯಾಲ ಇಡು, ತಗಡು ಮುರದೀತು!" ಎಂದು ಕೆಳಗಿನಿಂದ ಭಾಗವ್ವ ಕೂಗಿದಳು.

"ನನಗ ಹೇಳಬ್ಯಾಡ ಹತ್ತೂದು! ನೀ ನೀರು ಕೊಡು!"

"ಕೊಡ್ಲಿಕ್ಕತ್ತೀನಿ, ಇಲ್ಲೂ ನಾನೇ ಹೊತ್ತು ಕೊಡಬೇಕು ನಿನಗ."

ಒದ್ದೆ ಗೋಣಿ ಹೊದಿಸಿದ್ದೇ ತಡ, ತಗಡಿನ ಸದ್ದು ನಿಂತಿತು. ಒಳಗಿನ ಸೆಕೆ ಒಂದು ಗೇಣು ಹಿಂದೆ ಸರಿಯಿತು. ಆದರೆ ಮತ್ತೆ ಆಡಿದಾಗ ಒಂಬತ್ತನೇ ನಿಮಿಷದಲ್ಲಿ ನೂರ ತೊಂಬತ್ತು. ಗಂಟೆ ಎರಡೂ ನಲವತ್ತು.

ಆಗ ಓಣಿಯ ತಿರುವಿನಲ್ಲಿ ಯಾರೋ ಏದುಸಿರು ಬಿಡುವುದು ಕೇಳಿಸಿತು. ಅಮಿತಭಾಯಿ. ಭಾನುವಾರದ ಬಿಳಿ ಜುಬ್ಬಾ ಬೆನ್ನಿಗೆ ಅಂಟಿಕೊಂಡಿತ್ತು. ಕೈಯಲ್ಲಿ ಮಿಠಾಯಿ ಡಬ್ಬಿ. ಗುಡ್ಡದ ನೂರಾರು ಮೆಟ್ಟಿಲನ್ನು ಅವನು ಈ ಜನ್ಮದಲ್ಲಿ ಹತ್ತಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಡಬ್ಬಿ ತೆರೆದ. ಒಳಗೆ ಫ್ಯಾನು, ಮುಚ್ಚಳದ ಮೇಲೆ ಸ್ವಸ್ತಿಕ.

ಶೈಲಾ ಡಬ್ಬಿ ತೆಗೆದುಕೊಂಡಳು. "ಫೋನ್ ಇಟ್ಟುಬಿಟ್ಟಿರಿ... ನಾನು ಅಂದುಕೊಂಡೆ..."

"ತಾಯಿಯನ್ನು ಕೇಳುವುದು ಬೇಡವಾ? ಅವರು ಹೇಳಿದರು, ಲಕ್ಷ್ಮಿ ಸುಮ್ಮನೆ ಕೂತಿದ್ದಾಳೆ ಅಂತ ನಿನ್ನೆ ಮನೆಗೆ ಬಂದು ನೀನೇ ಅಂದೆಯಲ್ಲ ಮಗನೇ, ಎಲ್ಲಿ ಕೆಲಸ ಇದೆಯೋ ಅಲ್ಲಿಗೆ ಕಳಿಸು ಅಂತ. ಮೊದಲು ನೀರು ಕೊಡಿ ಯಾರಾದರೂ."

ಕೂರಿಸುವ ಮೊದಲು ಶೈಲಾ ಹಲೀಮಾಳ ಕಡೆ ನೋಡಿದಳು. ಹಲೀಮಾ ಕುಂಕುಮದ ಗುರುತನ್ನು ಬಗ್ಗಿ ನೋಡಿ, "ಒರಸಬ್ಯಾಡವ್ವಾ, ಇರ್ಲಿ. ಅವರ ಅಮ್ಮಾ ಬರ್ದಿದ್ದು," ಎಂದು ನೀರು ತರಲು ಹೋದಳು.

ಶೈಲಾಳಿಗೆ ನಾಲ್ಕು ಸ್ಕ್ರೂಗೆ ಎಂಟು ನಿಮಿಷ ಹಿಡಿಯಿತು. ಪ್ರತಿಯೊಂದನ್ನೂ ಮೂರು ಸಲ ಮುಟ್ಟಿ ನೋಡಿದಳು. ಮೂರು ಗಂಟೆ ಐದು ನಿಮಿಷಕ್ಕೆ ಕೈನಾತ ಮತ್ತೆ ರೆಕಾರ್ಡಿಂಗ್ ಒತ್ತಿದಳು. ಮಾಡಿನ ಮೇಲೆ ಮರೆಪ್ಪ ಗೋಣಿಗೆ ನೀರು ಚಿಮುಕಿಸುವ ಸದ್ದು. ಆರನೇ ನಿಮಿಷ, ಇನ್ನೂರ ಮೂವತ್ತಾರು. ಎಂಟನೇ ನಿಮಿಷ, ಇನ್ನೂರ ಮೂವತ್ತೊಂದು. ಒಂಬತ್ತನೇ ನಿಮಿಷದಲ್ಲಿ ಪರದೆಯ ತುಂಬ ಹೊಗೆ ಎದ್ದು ಅಂಕಿ ಇನ್ನೂರ ಆರಕ್ಕೆ ಬಿತ್ತು. ಶೈಲಾ ಕಣ್ಣು ಮುಚ್ಚಿದಳು. ತೆರೆದಾಗ ಇನ್ನೂರ ಮೂವತ್ತು.

ಮೂರು ಇಪ್ಪತ್ತಾರಕ್ಕೆ ರೆಕಾರ್ಡಿಂಗ್ ಹೋಯಿತು. ಮೂರು ಐವತ್ತಕ್ಕೆ ಆನ್‌ಲೈನ್ ಬಂದು ಕೂರು ಎಂದು ಉತ್ತರ ಬಂತು.

*

ಟ್ರಯಲ್ ನಡೆಯುವಾಗ ಶೈಲಾ ಒಳಗಿರಲಿಲ್ಲ. ಹೊರಗೆ ಮೆಟ್ಟಿಲಿನ ಮೇಲೆ, ಒಂದು ಕಡೆ ಅವ್ವ, ಒಂದು ಕಡೆ ಅಮಿತಭಾಯಿ. ಅವನು ಹಲೀಮಾಳ ಚಹಾ ಎರಡು ಸಲ ಕುಡಿದ. ಭಾಗವ್ವ ಅವನಿಗೆ ತನ್ನ ಮರಾಠಿಯಲ್ಲಿ ಪವಾಯಿಯ ಗೌಂಡಿಯ ಕಥೆ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ಅವನ ಕೈಯ ಲೋಟ ಬಾಯಿಯ ಹತ್ತಿರ ನಿಂತಿತು.

"ಅಂದರೆ ನಾನು ಇಷ್ಟು ವರ್ಷ ಗಿರಾಕಿಗೆ ಮದುಮಗನನ್ನಷ್ಟೇ ತೋರಿಸಿದೆ," ಎಂದ.

ಐದೂವರೆಗೆ ಕೈನಾತ ಹೊರಗೆ ಬಂದಳು. ಮುಖ ಬೆವೆತು ಕೆಂಪಾಗಿತ್ತು.

"ಮೂರು ಆಡಿಸಿದರು. ಎರಡು ಗೆದ್ದೆ, ಒಂದು ಸೋತೆ."

ಶೈಲಾ ಎದ್ದು ನಿಂತಳು. "ಸೋತಿದ್ದು... ಅಂಕಿ ಬಿತ್ತಾ?"

"ಇಲ್ಲ ದೀದಿ. ಅದು ಠೀಕ್ ಇತ್ತು. ಎಡಗಡೆ ಒಬ್ಬಳು ನಿಂತಿದ್ದಳು. ಸಾಫ್ ಕಾಣ್ತಿದ್ದಳು. ನಾನೇ ನೋಡಲಿಲ್ಲ." ಆಮೇಲೆ, ತನಗೇ ನಂಬಿಕೆ ಇಲ್ಲದವಳ ಹಾಗೆ, "ತಗೊಂಡಿದ್ದಾರೆ. ಮೂರು ತಿಂಗಳು ನೋಡಿ ಪಕ್ಕಾ ಮಾಡ್ತಾರಂತೆ. ಸಂಬಳ ಒಂದನೇ ತಾರೀಕಿಂದ."

ಹಲೀಮಾ "ಯಾ ಅಲ್ಲಾ" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಾಡಿನ ಮೇಲಿಂದ ಮರೆಪ್ಪ ಬಗ್ಗಿ, "ಏನಂದ್ಳು? ಏನಂದ್ಳು?" ಎಂದು ಕೂಗಿದ. ಯಾರೂ ಅವನಿಗೆ ಹೇಳಲಿಲ್ಲ, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು.

ಶೈಲಾ ಆ ಗದ್ದಲದಲ್ಲಿ ಒಳಗೆ ಹೋದಳು. ಪೆಟ್ಟಿಗೆಯ ಬಾಗಿಲು ತೆರೆದು ಒಳಮೈಗೆ ಅಂಟಿಸಿದ್ದ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. ಕೈನಾತಳ ನೋಟ್‌ಬುಕ್ಕಿನಿಂದ ಹೊಸ ಹಾಳೆ ಹರಿದು ಬರೆದಳು. 'ಎಲ್ಲ ಸೆಟ್ಟಿಂಗ್ ತಳಕ್ಕಿಳಿಸಿ, ತಗಡಿನ ಕೆಳಗೆ, ಮೇ ತಿಂಗಳ ಮಧ್ಯಾಹ್ನ, ಹತ್ತು ನಿಮಿಷ. ಅತಿ ಕಡಿಮೆ: ಇನ್ನೂರ ಆರು.'

ಸಹಿಯ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಇವತ್ತು ಮಾಡಿನ ಮೇಲೆ ಅಪ್ಪ ಇದ್ದ, ಗೋಣಿ ಒದ್ದೆಯಾಗಿತ್ತು. ಮೂರು ತಿಂಗಳೂ ಅಪ್ಪ ಮಾಡಿನ ಮೇಲೆ ಕೂತಿರುವುದಿಲ್ಲ.

"ಕೈನಾತ," ಎಂದು ಕರೆದಳು. "ಅಪ್ಪಗ ಗೋಣಿ ತೆಗೀರಿ, ಕೆಳಗ ಬರ್ರಿ ಅಂತ ಹೇಳು. ತಗಡು ಒಣಗಿ ಮತ್ತ ಕಾಯಲಿ. ನಾಳಿ ಮಧ್ಯಾಹ್ನ ನಾ ಬರ್ತೀನಿ, ಇನ್ನೊಂದ್ಸಲ ಹತ್ತು ನಿಮಿಷ ಆಡು."

"ದೀದಿ! ಸೆಲೆಕ್ಟ್ ಆಗಿಬಿಟ್ಟೆನಲ್ಲ!"

"ಗೊತ್ತದ," ಎಂದಳು ಶೈಲಾ, ಪೆನ್ನಿನ ಮುಚ್ಚಳ ಹಾಕುತ್ತ. "ಆದ್ರೂ ಆಡು."